ಎರಡು ಗಂಟೆಯೇ ಇಲ್ಲದ ರಾತ್ರಿ

ಮಾರ್ಚ್ ಎರಡನೇ ಭಾನುವಾರ ಬಂತೆಂದರೆ ನ್ಯೂಜೆರ್ಸಿಯಲ್ಲಿ ನಮಗೆಲ್ಲ ಒಂದು ಗಂಟೆ ನಿದ್ದೆ ಖೋತಾ. ರಾತ್ರಿ ಎರಡು ಗಂಟೆ ಆಗುವುದೇ ಇಲ್ಲ, ನೇರ ಮೂರು! ಮೊಬೈಲು ತಾನೇ ಮುಂದೆ ಹೋಗುತ್ತೆ, ಮೈ ಹೋಗಬೇಕಲ್ಲ? ಸೋಮವಾರ ಮಗಳನ್ನು ಕತ್ತಲಲ್ಲೇ ಎಬ್ಬಿಸುವ ಪಾಡು ಬೇಡ ಮಾರಾಯ್ರೆ... ಊರಿಗೂ ನಮಗೂ ಹತ್ತೂವರೆ ಗಂಟೆ ಇದ್ದ ಅಂತರ ಒಂಬತ್ತೂವರೆ ಆಯಿತೆಂದರೆ ಅಮ್ಮ, "ಸೂರ್ಯನಿಗೂ ನಿಮ್ಮ ಸರಕಾರದ್ದೇ ಆರ್ಡರಾ?" ಅಂತಾಳೆ.

2022ರಲ್ಲಿ ಸೆನೆಟ್ ಒಪ್ಪಿದ್ದು ವರ್ಷವಿಡೀ ಬೇಸಿಗೆ ಸಮಯವನ್ನೇ ಇಟ್ಟುಕೊಳ್ಳಲು (ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ, ಪುಣ್ಯ). 1974ರಲ್ಲಿ ಹೀಗೇ ಮಾಡಿ, ಜನವರಿಯ ಕತ್ತಲಲ್ಲಿ ಮಕ್ಕಳು ಶಾಲೆಗೆ ಹೋಗುವುದನ್ನು ನೋಡಿ, ಅದೇ ವರ್ಷ ಕೈಬಿಟ್ಟಿದ್ದರು. ಇಲ್ಲಿನ ನಿದ್ರಾತಜ್ಞರ ಸಂಘ ಕೇಳುತ್ತಿರುವುದು ಚಳಿಗಾಲದ ಸಮಯವನ್ನು. ನನ್ನ ವೋಟೂ ಅದಕ್ಕೇ.

ಅರಿಜೋನಾದ ಹೆಚ್ಚಿನವರು 1968ರಿಂದ ಗಡಿಯಾರ ಮುಟ್ಟದೆ ಹಾಯಾಗಿದ್ದಾರೆ. ಅಲ್ಲಿಗೇ ಮನೆ ಬದಲಿಸೋಣ ಅಂದರೆ, ಆ ಬಿಸಿಲು!