ಹೆತ್ತವರನ್ನು ನೋಡಲು ಕಾನೂನು: ಚೀನಾದ ಹಳತು-ಹೊಸತರ ಇಕ್ಕಟ್ಟು

ಚೆನ್ನೈ: ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ 2019ರ ಅಕ್ಟೋಬರ್ 11ರಂದು ಪ್ರಧಾನಿ ಮೋದಿ ಜೊತೆ ಮಾಮಲ್ಲಪುರಂನ ಪಂಚರಥ, ಕಡಲತೀರದ ದೇವಾಲಯ ವೀಕ್ಷಿಸಿದರು. ತಮಿಳುನಾಡು ಮತ್ತು ಚೀನಾದ ಫುಜಿಯಾನ್ ಪ್ರಾಂತ್ಯದ ನಡುವೆ ಸೋದರ ಬಾಂಧವ್ಯಕ್ಕೂ ಒಪ್ಪಿಗೆಯಾಯಿತು. ಈ ನಂಟು ಹುಸಿಯಲ್ಲ. ಫುಜಿಯಾನ್‌ನ ಕ್ವಾಂಝೌ ಬಂದರಿನಲ್ಲಿ 1281ರ ತಮಿಳು ಶಾಸನ ಸಿಕ್ಕಿದೆ.

ಆದರೆ ಪ್ರಾಚೀನತೆಯ ಬಗ್ಗೆ ಇಂದು ಹೆಮ್ಮೆಪಡುವ ಇದೇ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿ, 1966ರಲ್ಲಿ, ರೆಡ್ ಗಾರ್ಡ್‌ಗಳು ತತ್ವಜ್ಞಾನಿ ಕನ್ಫ್ಯೂಷಿಯಸ್‌ನ ಹುಟ್ಟೂರಿಗೆ ನುಗ್ಗಿ ಪ್ರತಿಮೆ, ಸಮಾಧಿಗಳನ್ನು ಧ್ವಂಸ ಮಾಡಿದ್ದರು.

ಪ್ರತಿಮೆಯನ್ನೇನೋ ಮತ್ತೆ ನಿಲ್ಲಿಸಬಹುದು. ಕಷ್ಟವಿರುವುದು ಮನೆಯೊಳಗೆ. ಹೆತ್ತವರ ಸೇವೆ ಕನ್ಫ್ಯೂಷಿಯಸ್ ಬೋಧನೆಯ ತಿರುಳು. ಆದರೆ ಮೂರೂವರೆ ದಶಕ ಜಾರಿಯಲ್ಲಿದ್ದ ಒಂದೇ ಮಗುವಿನ ನೀತಿಯಿಂದಾಗಿ, ಅಪ್ಪ-ಅಮ್ಮ ಮಾತ್ರವಲ್ಲ, ಎರಡೂ ಕಡೆಯ ಅಜ್ಜ-ಅಜ್ಜಿಯರ ಹೊಣೆಯೂ ಒಬ್ಬರದೇ ಹೆಗಲಿಗೆ ಬಿತ್ತು. ಆ ಒಬ್ಬರೂ ಕೆಲಸಕ್ಕೆಂದು ದೂರದ ನಗರ ಸೇರಿದರೆ? ಬೇರೆಡೆ ವಾಸಿಸುವ ಮಕ್ಕಳು ಹೆತ್ತವರನ್ನು ಆಗಾಗ ಬಂದು ನೋಡಬೇಕೆಂದು 2013ರ ಜುಲೈ 1ರಿಂದ ಕಾನೂನೇ ಜಾರಿಯಾಗಿದೆ. 'ಆಗಾಗ' ಎಂದರೆ ಎಷ್ಟು ದಿನಕ್ಕೊಮ್ಮೆ ಎಂಬುದು ಮಾತ್ರ ಅದರಲ್ಲಿಲ್ಲ!

2016ರಲ್ಲಿ ಎರಡನೇ ಮಗುವಿಗೆ ಅನುಮತಿ ಸಿಕ್ಕಿತು. ಆದರೂ 2017, 2018ರಲ್ಲಿ ಜನನಗಳ ಸಂಖ್ಯೆ ಇಳಿದೇ ಇದೆ.