ಅಕ್ಷರಕ್ಕೆಷ್ಟು ಭಾರ?

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸಂಘದ ಜಾಲತಾಣವನ್ನು ಹೊಸದಾಗಿ ರೂಪಿಸುವ ವಿಷಯ ಚರ್ಚೆಗೆ ಬಂದಿತು. ಗುತ್ತಿಗೆ ಹಿಡಿಯಲು ಬಂದಿದ್ದ ತರುಣರು ಮಾದರಿ ಪುಟವೊಂದನ್ನು ಗೋಡೆಯ ಮೇಲೆ ಬೆಳಗಿಸಿ ತೋರಿಸಿದರು. ಡ್ರೋನಿನಿಂದ ತೆಗೆದ ಸಂಘದ ಕಟ್ಟಡದ ಚಲಚ್ಚಿತ್ರ, ಹಿನ್ನೆಲೆಯಲ್ಲಿ ಚೆಂಡೆಯ ಸದ್ದು, ಒಂದರ ಹಿಂದೊಂದು ಸರಿದುಹೋಗುವ ಸಮಾರಂಭದ ಭಾವಚಿತ್ರಗಳು, ಬಳ್ಳಿ-ಹೂಗಳಿಂದ ಅಲಂಕೃತವಾದ ಶೀರ್ಷಿಕೆಗಳು. ಸಭೆ ಚಪ್ಪಾಳೆ ತಟ್ಟಿತು. ಸುಳ್ಳೇಕೆ, ನಾನೂ ತಟ್ಟಿದೆ. ಆ ರಾತ್ರಿ ಮನೆಗೆ ಬಂದು, ಸರ್ಕಾರಿ ನೌಕರನಿಗೆ ಸಹಜವಾದ ಲೆಕ್ಕಪತ್ರದ ಚಟದಿಂದ, ಆ ಪುಟವನ್ನು ನನ್ನ ಗಣಕದಲ್ಲಿ ತೆರೆದು ತೂಗಿ ನೋಡಿದೆ. ಒಂದು ಸಲ ತೆರೆಯಲು 14 ಎಂ.ಬಿ. ದತ್ತಾಂಶ ಇಳಿದು ಬರುತ್ತಿತ್ತು. ಅದರಲ್ಲಿದ್ದ ಕನ್ನಡ ಪದಗಳನ್ನೂ ಎಣಿಸಿದೆ: 212. ಅವುಗಳಲ್ಲಿಯೂ ಶೀರ್ಷಿಕೆಗಳು ಅಕ್ಷರಗಳಾಗಿರಲಿಲ್ಲ, ಅಕ್ಷರಗಳ ಚಿತ್ರಗಳಾಗಿದ್ದವು.

ಕುತೂಹಲ ಅಲ್ಲಿಗೇ ನಿಲ್ಲಲಿಲ್ಲ. ತಾವೀಗ ಕೈಯಲ್ಲಿ ಹಿಡಿದಿರುವ ಈ ತ್ರೈಮಾಸಿಕವನ್ನು ಸಂಘವು ಅಂತರ್ಜಾಲಕ್ಕೂ ಏರಿಸುತ್ತದೆ. ಹಿಂದಿನ ಸಂಚಿಕೆಯ ಕಡತ 48 ಎಂ.ಬಿ. ಇತ್ತು. ಅರವತ್ತನಾಲ್ಕು ಪುಟದ ಪತ್ರಿಕೆಗೆ ಇಷ್ಟು ಭಾರ ಎಲ್ಲಿಂದ ಬಂದಿತೆಂದು ವಿಚಾರಿಸಿದಾಗ ತಿಳಿದ ಸಂಗತಿ ನಗು ತರಿಸುವಂಥದು. ಲೇಖನಗಳು ಮುದ್ರಣಾಲಯದ ಗಣಕದಲ್ಲಿ ಅಕ್ಷರವಾಗಿಯೇ ಕೂಡುತ್ತವೆ. ಕಾಗದದ ಮೇಲೆ ಅಚ್ಚಾಗುತ್ತವೆ. ಆಮೇಲೆ ಅಚ್ಚಾದ ಪ್ರತಿಯ ಒಂದೊಂದು ಹಾಳೆಯನ್ನೂ ಸ್ಕ್ಯಾನ್ ಯಂತ್ರದಡಿ ಮಲಗಿಸಿ ಮತ್ತೆ ಚಿತ್ರ ತೆಗೆಯುತ್ತೇವೆ. ಭತ್ತವನ್ನು ಅಕ್ಕಿ ಮಾಡಿ, ಆ ಅಕ್ಕಿಗೆ ಮತ್ತೆ ಹೊಟ್ಟು ಮೆತ್ತಿದಂತೆ.

ಇದಕ್ಕೆ ಕಾರಣವೂ ಉಂಟು. ಮುದ್ರಣಾಲಯ ಬಳಸುವ ಅಚ್ಚಿನಕ್ಷರಗಳು ಹಳೆಯ ಪದ್ಧತಿಯವು; ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿದವು. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಲಿಪಿಯ ಕಲಸುಮೇಲೋಗರ. ಯೂನಿಕೋಡ್ ಎಂಬ ಸರ್ವಮಾನ್ಯ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ, ಎಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಕನ್ನಡದ ಕೀಲಿಮಣೆಗೆ ತರ್ಕಬದ್ಧವಾದ ವಿನ್ಯಾಸವನ್ನು ಕೊಟ್ಟವರು ಕೆ.ಪಿ. ರಾವ್. ಸಿದ್ಧವಾಗಿ ಬಂದ ಈ ಸವಲತ್ತುಗಳನ್ನು ಮೂರು ದಶಕಗಳ ಬಳಿಕವೂ ಪೂರ್ತಿಯಾಗಿ ಉಪಯೋಗಿಸಿಕೊಳ್ಳದೆ ಇರುವವರು ನಾವೇ.

ಯೂನಿಕೋಡಿನಲ್ಲಿ ಕೂಡಿಸಿದರೆ ಎಷ್ಟಾಗುತ್ತದೆ ಎಂಬುದನ್ನೂ ನೋಡೋಣ. ಜಾಲತಾಣಗಳಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು; ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ಐದು ಸಂಕೇತ, ಹದಿನೈದು ಬೈಟ್. ಇದು ಕನ್ನಡಕ್ಕೆ ಬಗೆದ ಅನ್ಯಾಯವೆಂದು ಕೂಗಾಡುವ ಗೆಳೆಯರಿದ್ದಾರೆ. ಆದರೆ ಆ ಮೂರು ಬೈಟುಗಳಲ್ಲಿ ಮೊದಲನೆಯದು ಕನ್ನಡಕ್ಕೆ ಯಾವಾಗಲೂ ಒಂದೇ. ಎರಡನೆಯದು ಎರಡೇ ಬಗೆಗಳಲ್ಲಿ ಒಂದು. ಹೀಗೆ ಮರುಕಳಿಸುವುದನ್ನು ಅಡಕಗೊಳಿಸುವುದು ಗಣಕಕ್ಕೆ ಬಹು ಸುಲಭದ ಕೆಲಸ. ಜಾಲತಾಣಗಳು ಪುಟವನ್ನು ಕಳುಹಿಸುವ ಮುನ್ನ ಸಾಮಾನ್ಯವಾಗಿ ಹಾಗೆ ಮಾಡಿಯೇ ಕಳುಹಿಸುತ್ತವೆ. ತಾವು ಓದುತ್ತಿರುವ ಈ ಲೇಖನವಿಡೀ ಅಡಕಗೊಳಿಸದೆಯೇ ಸುಮಾರು 40 ಕೆ.ಬಿ. ಆದೀತು. ಇಡೀ ಸಂಚಿಕೆ ಅರ್ಧ ಎಂ.ಬಿ.ಯ ಆಸುಪಾಸು, ಅಡಕಗೊಳಿಸಿದರೆ ಅದಕ್ಕೂ ಬಹಳ ಕಡಿಮೆ. ನಾವು ಏರಿಸುತ್ತಿರುವುದು ಅದರ ನೂರು ಪಟ್ಟು ಭಾರ.

ಭಾರವಾದರೇನು, ಅದು ಮೋಡದಲ್ಲಿರುತ್ತದೆಯಲ್ಲ ಎನ್ನುವವರಿದ್ದಾರೆ. 'ಕ್ಲೌಡ್' ಎಂಬ ಹೆಸರಿಟ್ಟ ಪುಣ್ಯಾತ್ಮನ ಜಾಣತನ ಮೆಚ್ಚಬೇಕಾದದ್ದೇ. ಮುಂಬಯಿಯಲ್ಲಿರುವ ನಮಗೆ ಆ ಮೋಡವನ್ನು ಕಣ್ಣಾರೆ ನೋಡುವ ಅವಕಾಶವಿದೆ. ಠಾಣೆ-ಬೇಲಾಪುರ ರಸ್ತೆಯಲ್ಲಿ ಐರೋಳಿ, ರಬಾಳೆ, ಮಹಾಪೆಗಳನ್ನು ಹಾದುಹೋಗುವಾಗ ಕಿಟಕಿಗಳೇ ಇಲ್ಲದ ಎತ್ತರದ ಕಟ್ಟಡಗಳು ಕಾಣುತ್ತವೆ. ಒಳಗೆ ಹಗಲೂ ರಾತ್ರಿಯೂ ಉರಿಯುವ ಗಣಕಗಳು, ಅವುಗಳನ್ನು ತಣಿಸುವ ಯಂತ್ರಗಳು, ವಿದ್ಯುತ್ತು ಕೈಕೊಟ್ಟರೆ ಎಚ್ಚರಗೊಳ್ಳುವ ಡೀಸೆಲ್ ಜನರೇಟರುಗಳು. ದೇಶಾಂತರದ ಸಮುದ್ರದಾಳದ ಕೇಬಲ್ಲುಗಳಲ್ಲಿ ಹಲವು ದಡ ಹತ್ತುವುದು ವೆರ್ಸೋವಾದಲ್ಲಿ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 415 ಶತಕೋಟಿ ಯೂನಿಟ್, ಎಂದರೆ ಜಗತ್ತಿನ ಒಟ್ಟು ಬಳಕೆಯ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಅದು ಎರಡು ಪಟ್ಟನ್ನೂ ಮೀರಬಹುದು. ನಮ್ಮ ದೇಶದಲ್ಲಿ 2024ರಲ್ಲಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಕಲ್ಲಿದ್ದಲಿನದು; ಗ್ರಿಡ್ಡಿನ ಒಂದು ಯೂನಿಟ್ಟಿನ ಹಿಂದೆ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಚೆಂಬೂರಿನ ಕಡೆಯ ಓದುಗರಿಗೆ ಟ್ರಾಂಬೆಯ ಉಷ್ಣಸ್ಥಾವರದ ಹೊಗೆಗೊಳವೆಯನ್ನು ನಾನು ಪರಿಚಯಿಸಬೇಕಾಗಿಲ್ಲ.

ಜಲವಿದ್ಯುತ್ತಾದರೆ ಪಾಪವಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ನನ್ನ ತಾಯಿಯ ತವರು ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಡದಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಆ ಊರು ನೀರಿನಡಿ ಸೇರಿತು. ಅಜ್ಜ ಮನೆಯ ಹಂಚು, ಪಕಾಸಿಗಳನ್ನು ತಾನೇ ಬಿಚ್ಚಿ ಗಾಡಿಗೆ ಹೇರಿದನೆಂದೂ, ಅಡಕೆ ತೋಟವನ್ನು ಮಾತ್ರ ಬಿಚ್ಚಿಕೊಂಡು ಹೋಗಲಾಗಲಿಲ್ಲವೆಂದೂ ಅಮ್ಮ ಹೇಳುತ್ತಿದ್ದಳು. ನಾಡಿಗೆಲ್ಲ ಬೆಳಕು ಹಂಚಿದ ಆ ಮುಳುಗಡೆಯ ಜನ ತಾವು ಚಿಮಣಿ ದೀಪದಲ್ಲಿ ಎಷ್ಟೋ ವರ್ಷ ಕಳೆದರು. ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಕೆಲವು ವರ್ಷಗಳಿಂದ ವಿವಾದಕ್ಕೆ ಒಳಗಾಗಿದೆ. ವಿದ್ಯುತ್ತಿಗೆ ಬೇಡಿಕೆ ಕಡಿಮೆಯಿರುವಾಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಇಳಿಬಿಡುವ ಏರ್ಪಾಡು ಅದು. ನಮ್ಮ ಸಂಘದ ಚಲಚ್ಚಿತ್ರಕ್ಕೂ ಆ ಕಣಿವೆಗೂ ನೇರ ಸಂಬಂಧವಿದೆ ಎಂದರೆ ಅತಿರೇಕವಾದೀತು. ಆದರೆ ಗುಂಡಿ ಒತ್ತಿದಾಗ ಬೆಳಗುವ ಯಾವುದನ್ನೇ ಆಗಲಿ 'ಪುಕ್ಕಟೆ' ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಪುಟ ತೆರೆದರೆ ಇಷ್ಟು ಗ್ರಾಂ ಇಂಗಾಲ ಎಂದು ಥಟ್ಟನೆ ಹೇಳಿಬಿಡುವ ಲೆಕ್ಕಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅರ್ಧ ಗಂಟೆ ಅಂತರ್ಜಾಲದಲ್ಲಿ ಚಿತ್ರ ನೋಡಿದರೆ 1.6 ಕಿಲೋ ಇಂಗಾಲದ ಡೈಆಕ್ಸೈಡ್ ಎಂಬ ಅಂಕಿ 2019ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮೆರೆಯಿತು. ಮರುವರ್ಷ, ಆ ಅಂಕಿಯ ಮೂಲವಾದ ಫ್ರಾನ್ಸಿನ ಶಿಫ್ಟ್ ಪ್ರಾಜೆಕ್ಟ್ ಸಂಸ್ಥೆಯೇ ಬಿಟ್‌ಗೂ ಬೈಟ್‌ಗೂ ಗೊಂದಲವಾಗಿ ಎಂಟು ಪಟ್ಟು ಹೆಚ್ಚಾಗಿತ್ತೆಂದು ಒಪ್ಪಿಕೊಂಡಿತು. ವಾಸ್ತವ ಅದಕ್ಕೂ ಬಹಳ ಕಡಿಮೆಯೆಂದು ಇಂಧನ ಸಂಸ್ಥೆಯ ವಿಶ್ಲೇಷಣೆ ತೋರಿಸಿತು. ಜಾಲದ ಯಂತ್ರಗಳು ಒಮ್ಮೆ ಚಾಲೂ ಆದ ಮೇಲೆ, ನಮ್ಮ ಪುಟ ಹರಿಯಲಿ ಬಿಡಲಿ, ತಮ್ಮ ಪಾಲಿನ ವಿದ್ಯುತ್ತನ್ನು ಬಹುಪಾಲು ಕುಡಿಯುತ್ತಲೇ ಇರುತ್ತವೆ. ಪುಟವನ್ನು ಅರ್ಧಕ್ಕೆ ಇಳಿಸಿದರೆ ವಿದ್ಯುತ್ತೂ ಅರ್ಧಕ್ಕೆ ಇಳಿಯಿತೆಂದು ಭಾವಿಸುವುದು ತಪ್ಪು. ಆದರೆ ಆ ಯಂತ್ರಗಳ ಸಂಖ್ಯೆ ನಿಗದಿಯಾಗುವುದು ಒಟ್ಟು ಬೇಡಿಕೆಯ ಮೇಲೆ. ಆ ಬೇಡಿಕೆ ಏರುತ್ತಲೇ ಇದೆ. ಜಾಲಪುಟಗಳನ್ನು ನಿಯತವಾಗಿ ತೂಗುವ ಎಚ್‌ಟಿಟಿಪಿ ಆರ್ಕೈವ್‌ನ ಪ್ರಕಾರ 2011ರ ಸುಮಾರಿಗೆ ಅರ್ಧ ಎಂ.ಬಿ.ಯಷ್ಟಿದ್ದ ಮಧ್ಯಮ ಗಾತ್ರದ ಪುಟ 2024ರಲ್ಲಿ ಎರಡೂವರೆ ಎಂ.ಬಿ.ಯನ್ನು ದಾಟಿತ್ತು. ಮನುಷ್ಯ ಓದುವ ವೇಗ ಈ ಅವಧಿಯಲ್ಲಿ ಐದು ಪಟ್ಟು ಆದಂತೆ ಕಾಣೆ.

ನನಗೆ ಹೆಚ್ಚು ಚಿಂತೆ ಹಚ್ಚುವುದು ಬೇರೊಂದು ಸಂಗತಿ. ಮೊಬೈಲ್ ಫೋನೊಂದು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದಲ್ಲಿ ಬಹುಪಾಲು ಅದು ಅಂಗಡಿಗೆ ಬರುವ ಮೊದಲೇ, ತಯಾರಿಕೆಯಲ್ಲಿಯೇ, ಸಂದುಹೋಗಿರುತ್ತದೆ. ಆದ್ದರಿಂದ ಫೋನನ್ನು ಹೆಚ್ಚು ಕಾಲ ಬಳಸುವುದೇ ಪರಿಸರಕ್ಕೆ ಮಾಡುವ ದೊಡ್ಡ ಉಪಕಾರ. ಭಾರವಾದ ಪುಟಗಳು ಇದಕ್ಕೆ ನೇರವಾಗಿ ಕಲ್ಲು ಹಾಕುತ್ತವೆ. ನನ್ನ ಸೋದರಮಾವ ಈಗಲೂ ಹಿನ್ನೀರಿನಾಚೆ, ತುಮರಿಯ ಕಡೆ ಇದ್ದಾರೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ ಆ ಸೀಮೆಗೆ ಲಾಂಚೇ ಗತಿಯಾಗಿತ್ತು. ಸಿಗ್ನಲ್ಲಿಗಾಗಿ ಅವರು ಮನೆಯ ಹಿಂದಿನ ಗುಡ್ಡವೇರಬೇಕು. ಏಳು ವರ್ಷ ಹಳೆಯ ಫೋನು ಮಾತಿಗೂ, ಸಂದೇಶಕ್ಕೂ ಇಂದಿಗೂ ಗಟ್ಟಿಯಾಗಿದೆ. ನನ್ನದೊಂದು ಲೇಖನ ಬಂದಿದ್ದ ಸಂಚಿಕೆಯ ಕೊಂಡಿಯನ್ನು ಅಭಿಮಾನದಿಂದ ಕಳುಹಿಸಿದ್ದೆ. ಮೂರು ದಿನದ ಮೇಲೆ ಫೋನು ಮಾಡಿ, "ನಿಮ್ ಪತ್ರಿಕೆ ತಿರುಗ್ತಾನೇ ಇದೆ ಮಾರಾಯ, ಬರೋದೇ ಇಲ್ಲ. ಹೊಸ ಫೋನ್ ತಗಳಿ ಅಂತಾನೆ ಪೇಟೆ ಹುಡುಗ. ಹೌದಾ?" ಎಂದು ಕೇಳಿದರು. ಕೆಟ್ಟಿದ್ದದ್ದು ಅವರ ಫೋನಲ್ಲ, ನಮ್ಮ ಕಡತ.

ಸಂಘವನ್ನಷ್ಟೇ ದೂರಿ ನಾನು ಕೈತೊಳೆದುಕೊಳ್ಳಲಾರೆ. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದವನು ನಾನು. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು, ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆಂದು ವಿಧಿಸಿತು, ಒಳ್ಳೆಯ ಕಾಯಿದೆ. ಅದನ್ನು ಪಾಲಿಸುವ ನಮ್ಮ ವಿಧಾನವೆಂದರೆ, ಗಣಕದಲ್ಲಿ ಬೆರಳಚ್ಚಾದ ಸುತ್ತೋಲೆಯನ್ನು ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವುದು. ಸಹಿ ಕಾಣದಿದ್ದರೆ ಸುತ್ತೋಲೆಗೆ ಪ್ರಾಣವಿಲ್ಲವೆಂಬ ನಂಬಿಕೆ ನಮ್ಮದು. ಅಂಥ ಎಷ್ಟು ನೂರು ಹಾಳೆಗಳಿಗೆ ನಾನೇ ಸಹಿ ಮಾಡಿದ್ದೇನೋ. ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಮೊದಲು ಹೊರಬಂದದ್ದು 2009ರಲ್ಲಿ. ದೃಷ್ಟಿ ಇಲ್ಲದವರಿಗೂ ಪುಟ ನಿಲುಕಬೇಕೆಂಬುದು ಅದರ ಮುಖ್ಯ ಆಶಯಗಳಲ್ಲಿ ಒಂದು. ಓದಿಹೇಳುವ ತಂತ್ರಾಂಶಕ್ಕೆ ಅಕ್ಷರ ಸಿಕ್ಕರೆ ಓದುತ್ತದೆ. ಚಿತ್ರ ಸಿಕ್ಕರೆ ಮೌನ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಹತ್ತು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಅವರು ಇಂಗ್ಲಿಷ್ ಪತ್ರಿಕೆಯನ್ನು ಫೋನಿನಿಂದ ಕೇಳಿಸಿಕೊಳ್ಳುತ್ತಾರೆ. ತಾವೇ ಚಂದಾ ಕೊಟ್ಟು ಬೆಳೆಸಿದ ಈ ಕನ್ನಡ ಪತ್ರಿಕೆಯನ್ನು ಕೇಳಲಾರರು.

ಸಭೆಯಲ್ಲಿ ನಾನು ಈ ಮಾತೆತ್ತಿದಾಗ ಮಿತ್ರರೊಬ್ಬರು, ಕೃತಕ ಬುದ್ಧಿಮತ್ತೆಯ ಯಂತ್ರಗಳು ಊರಿಗೆ ಊರೇ ನುಂಗುವಷ್ಟು ವಿದ್ಯುತ್ತು ಕುಡಿಯುತ್ತಿರುವಾಗ ನಮ್ಮ 48 ಎಂ.ಬಿ. ಯಾವ ಲೆಕ್ಕ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಮುದ್ರಕ್ಕೆ ನಮ್ಮ ಬಿಂದಿಗೆ ಲೆಕ್ಕವಲ್ಲ. ಆದರೆ ಆ ಯಂತ್ರಗಳ ಬಗ್ಗೆ ಠರಾವು ಮಾಡುವ ಅಧಿಕಾರ ನಮ್ಮ ಸಮಿತಿಗಿಲ್ಲ. ಈ ಜಾಲತಾಣದ ಬಗ್ಗೆ ಇದೆ. ಅದಲ್ಲದೆ, ಇಲ್ಲಿ ಪರಿಸರದ ಹಿತಕ್ಕೂ ಕನ್ನಡದ ಹಿತಕ್ಕೂ ಜಗಳವೇ ಇಲ್ಲ. ಚಿತ್ರವಾಗಿ ಬಿದ್ದಿರುವ ನಮ್ಮ ಹಳೆಯ ಸಂಚಿಕೆಗಳಲ್ಲಿ ಯಾವುದೊಂದು ಹೆಸರನ್ನೂ ಹುಡುಕಲಾಗದು. ಮುಂಬಯಿ ಕನ್ನಡಿಗರ ಬಗ್ಗೆ ನಾಳೆ ಸಂಶೋಧನೆ ಮಾಡುವವನಿಗೆ ಅವು ಇದ್ದೂ ಇಲ್ಲದಂತೆ.

ಸ್ಪೇನಿನ ಬಾರ್ಸಿಲೋನಾದಲ್ಲಿ ಕ್ರಿಸ್ ಡಿ ಡೆಕರ್ ಎಂಬುವರ 'ಲೋ-ಟೆಕ್ ಮ್ಯಾಗಜೀನ್' ಪತ್ರಿಕೆ 2018ರಲ್ಲಿ ತನ್ನ ಜಾಲತಾಣವನ್ನು ಮನೆಯ ಬಾಲ್ಕನಿಯ ಸೌರಫಲಕದಿಂದ ನಡೆಸತೊಡಗಿತು. ಮೋಡ ಕವಿದ ದಿನಗಳು ಮುಂದುವರಿದರೆ ತಾಣ ಮುಚ್ಚಿರುತ್ತದೆ, ಓದುಗರು ಕಾಯುತ್ತಾರೆ. ಮುಂಬಯಿಯ ಮಳೆಗಾಲದಲ್ಲಿ ಅದನ್ನು ಅನುಕರಿಸಲು ಹೊರಟರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸಂಘಕ್ಕೆ ರಜೆಯೇ ಸರಿ. ಅಷ್ಟು ದೂರ ಹೋಗಬೇಕೆಂದು ನಾನು ಕೇಳುತ್ತಿಲ್ಲ. ಡ್ರೋನಿನ ಚಿತ್ರ ಇರಲಿ; ಬೇಕಾದವರು ಒತ್ತಿದಾಗ ಮಾತ್ರ ಓಡಲಿ. ಭಾವಚಿತ್ರಗಳನ್ನು ಫೋನಿನ ಪರದೆಗೆ ಸಾಕಾಗುವಷ್ಟಕ್ಕೆ ಕುಗ್ಗಿಸಿ ಏರಿಸಲಿ. ಬಳ್ಳಿಯ ಶೀರ್ಷಿಕೆಗಳ ಬದಲು ಅಕ್ಷರಗಳೇ ಬರಲಿ. ಈಚಿನ ಫೋನುಗಳಲ್ಲೆಲ್ಲ ಕನ್ನಡದ ಫಾಂಟು ಮೊದಲೇ ಇರುವುದರಿಂದ ಪುಟದೊಡನೆ ಮತ್ತೊಂದನ್ನು ಹೊರಿಸಿ ಕಳುಹಿಸಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪತ್ರಿಕೆಯ ಲೇಖನಗಳು ಯೂನಿಕೋಡಿನಲ್ಲಿ ಪ್ರಕಟವಾಗಲಿ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಇವೆ. ನಾನು ಪ್ರಯತ್ನಿಸಿ ನೋಡಿದೆ. ಅರ್ಕಾವತ್ತು ಅಲ್ಲಲ್ಲಿ ಎಡವುತ್ತದೆ, ಒತ್ತಕ್ಷರ ಕೆಲವೆಡೆ ಕಳಚಿಬೀಳುತ್ತದೆ, ಒಬ್ಬರು ಕುಳಿತು ತಿದ್ದಬೇಕು. ಅಷ್ಟೇ.

ಸಮಿತಿಯು ನಿರ್ಧಾರವನ್ನು ಮುಂದಿನ ಸಭೆಗೆ ಮುಂದೂಡಿದೆ. ಅಷ್ಟರೊಳಗೆ, ಯಾರ ಅನುಮತಿಯನ್ನೂ ಕೇಳದೆ, ಹಿಂದಿನ ಸಂಚಿಕೆಯ ಕಡತವನ್ನು ಮುದ್ರಣಾಲಯದಿಂದ ಪಡೆದು ಮೂರು ರವಿವಾರ ಕುಳಿತು ಪರಿವರ್ತಿಸಿ ತಿದ್ದಿದ್ದೇನೆ. ಚಿತ್ರಗಳನ್ನು ಕುಗ್ಗಿಸಿ ಸೇರಿಸಿದ ಮೇಲೂ ಒಂದೂವರೆ ಎಂ.ಬಿ. ದಾಟಲಿಲ್ಲ. ಮೊನ್ನೆ ಮಾವನಿಗೆ ಕಳುಹಿಸಿದೆ. ಈ ಸಲ ಗುಡ್ಡದ ಮೇಲಿಂದಲೇ ಫೋನು ಬಂದಿತು: ನನ್ನ ಲೇಖನದಲ್ಲಿ ಅಜ್ಜನ ಊರಿನ ಹೆಸರಿನ ಕಾಗುಣಿತ ತಪ್ಪಾಗಿದೆಯಂತೆ. ಇನ್ನೂ ಹಲವು ವರ್ಷಗಳ ಸಂಚಿಕೆಗಳು ಬಾಕಿ ಇವೆ. ತಿದ್ದಲು ಕೈಜೋಡಿಸುವ ಓದುಗರು ರವಿವಾರ ಸಂಜೆ ಐದರ ಮೇಲೆ ಸಂಘದ ಗ್ರಂಥಾಲಯಕ್ಕೆ ಬರಬಹುದು, ನಾನು ಅಲ್ಲಿರುತ್ತೇನೆ.