ರಾತ್ರಿ ಬಂದ ಮೇಲ್‌ಗೆ ಬೆಳಗಿನ ಉತ್ತರ: ಕ್ಷಮೆ ಕೇಳಬೇಕೆ?

ತಾಳವಾಡಿ: ದಿಂಬಂ ಘಾಟಿಯ 27 ತಿರುವುಗಳ ರಸ್ತೆಗೆ ಒಂದು ವೇಳಾಪಟ್ಟಿ ಇದೆ. ಸತ್ಯಮಂಗಲ ಹುಲಿ ಮೀಸಲು ಪ್ರದೇಶದ ನಡುವೆ ಬಣ್ಣಾರಿಯಿಂದ ಕಾರಪಳ್ಳಂವರೆಗೆ ಹಾಯುವ ಈ ಹೆದ್ದಾರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿ 10ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಬಿತ್ತು. ಲಾರಿಯವರು ಗೊಣಗಿದರು, ತಾಳವಾಡಿಯವರು ಪ್ರತಿಭಟನೆ ಮಾಡಿದರು, ಆಮೇಲೆ ಸ್ಥಳೀಯರಿಗೆ ಒಂದಿಷ್ಟು ಸಡಿಲಿಕೆಯೂ ಸಿಕ್ಕಿತು. ಅದೇನೇ ಇರಲಿ, ಕಾಡಿನ ಆನೆಗೂ ಚಿರತೆಗೂ ತನ್ನದೇ ಆದ ಹೊತ್ತು ಇರಬೇಕು ಎಂಬುದನ್ನು ನ್ಯಾಯಾಲಯ ಒಪ್ಪಿತು. ಬೆಟ್ಟದ ಮೇಲಿನ ಮನುಷ್ಯರಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ರಾತ್ರಿ ಲಾರಿ ನಿಂತರೂ ಕಚೇರಿಯ ಇ-ಮೇಲ್ ನಿಲ್ಲುವುದಿಲ್ಲ.

ಈ ಮಾತು ಈಗ ಏಕೆ ಬಂತೆಂದರೆ, 2025ರ ಡಿಸೆಂಬರ್ 5ರಂದು ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಒಂದು ಖಾಸಗಿ ಮಸೂದೆ ಮಂಡಿಸಿದರು. ಕೆಲಸದ ವೇಳೆ ಮುಗಿದ ಮೇಲೆ ಮತ್ತು ರಜಾದಿನಗಳಲ್ಲಿ ಕಚೇರಿಯ ಕರೆಗೆ, ಇ-ಮೇಲ್‌ಗೆ ಉತ್ತರಿಸದೆ ಇರುವ ಹಕ್ಕು ನೌಕರರಿಗೆ ಇರಬೇಕು ಎಂಬುದು ಅದರ ತಿರುಳು. 2018ರ ಡಿಸೆಂಬರ್‌ನಲ್ಲೂ ಅವರು ಇಂಥದೇ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕಾಯ್ದೆಯಾಗಿರುವ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಹಾಗಾಗಿ ಇದನ್ನು ನಂಬಿಕೊಂಡು ಯಾರೂ ಇವತ್ತೇ ಮೊಬೈಲು ಆರಿಸಿ ಮಲಗುವ ಹಾಗಿಲ್ಲ. ಕಾಯ್ದೆ ಬರುವ ತನಕ ಉಳಿಯುವ ಪ್ರಶ್ನೆ ಸಣ್ಣದು, ಆದರೆ ದಿನಾ ಎದುರಾಗುವಂಥದ್ದು. ರಾತ್ರಿ ಬಂದು ಬೆಳಿಗ್ಗೆ ಕಣ್ಣಿಗೆ ಬಿದ್ದ ಮೇಲ್‌ಗೆ ಮರ್ಯಾದೆ ಕೆಡದಂತೆ ಏನೆಂದು ಬರೆಯಬೇಕು?

ತಾಳವಾಡಿಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಗಂಟುಗಳಿವೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಇಲ್ಲಿ ಮನೆಮಾತು ಕನ್ನಡ, ಸರ್ಕಾರಿ ಕಾಗದ ತಮಿಳು, ಕಂಪನಿಯ ಮೇಲ್ ಇಂಗ್ಲಿಷು. ಜಿಲ್ಲಾ ಕೇಂದ್ರ ಈರೋಡು ಘಾಟಿ ಇಳಿದು ನೂರು ಕಿಲೋಮೀಟರಿಗೂ ಆಚೆ, ಚಾಮರಾಜನಗರವೋ ಪಕ್ಕದಲ್ಲೇ. ಓದಿದ ಹುಡುಗ ಹುಡುಗಿಯರು ಆ ಕಡೆ ಮೈಸೂರು, ಬೆಂಗಳೂರಿಗೂ ಹೋಗುತ್ತಾರೆ, ಈ ಕಡೆ ಕೊಯಮತ್ತೂರು, ತಿರುಪ್ಪೂರಿಗೂ ಇಳಿಯುತ್ತಾರೆ. ಒಂದೇ ಮನೆಯ ಅಣ್ಣ ಒಂದು ರಾಜ್ಯದ ಕಚೇರಿಯಲ್ಲಿ, ತಂಗಿ ಇನ್ನೊಂದು ರಾಜ್ಯದ ಕಚೇರಿಯಲ್ಲಿ ಇರುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ.

ಇಬ್ಬರ ಗಡಿಯಾರವೂ ಒಂದೇ ಅಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಅನ್ವಯಿಸುವ ತಮಿಳುನಾಡಿನ 1947ರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಎಂದು ಬರೆದರೆ, ಕರ್ನಾಟಕದ 1961ರ ಕಾಯ್ದೆ 9 ಗಂಟೆ ಎಂದು ಬರೆಯಿತು. ವಾರಕ್ಕೆ ಎರಡರಲ್ಲೂ 48. ಇನ್ನು ರಜೆಯ ಪಟ್ಟಿ. ನವೆಂಬರ್ 1ರಂದು ಬೆಂಗಳೂರಿನ ಕಚೇರಿ ರಾಜ್ಯೋತ್ಸವಕ್ಕೆ ಮುಚ್ಚಿದರೆ ಕೊಯಮತ್ತೂರಿನದು ತೆರೆದಿರುತ್ತದೆ. ಜನವರಿಯಲ್ಲಿ ತಮಿಳುನಾಡು ಪೊಂಗಲ್, ತಿರುವಳ್ಳುವರ್ ದಿನ, ರೈತರ ದಿನ ಎಂದು ಮೂರು ದಿನ ಮುಚ್ಚಿದರೆ ಕರ್ನಾಟಕ ಸಂಕ್ರಾಂತಿಯ ಒಂದು ದಿನ ಎಳ್ಳು ಬೆಲ್ಲ ತಿಂದು ಕೆಲಸಕ್ಕೆ ಹೊರಡುತ್ತದೆ. ಬಲಿಪಾಡ್ಯಮಿ ಕರ್ನಾಟಕದ ರಜೆ. ಅದು ಮುಗಿದ ಬೆನ್ನಿಗೆ ಇದೇ ತಾಲ್ಲೂಕಿನ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆಹಬ್ಬ ನಡೆಯುತ್ತದೆ. ಅದಂತೂ ಯಾವ ರಾಜ್ಯದ ರಜಾಪಟ್ಟಿಯಲ್ಲೂ ಇಲ್ಲ. ಆ ದಿನ ಮೊಣಕೈವರೆಗೆ ಸಗಣಿ ಮೆತ್ತಿಕೊಂಡು ನಿಂತವನ ಜೇಬಿನಲ್ಲಿ ಮೊಬೈಲು ಟಿಂಗ್ ಎಂದರೆ ಆತ ಏನು ಮಾಡಬೇಕು? ಕಳಿಸಿದವರಿಗೆ ಅದು ಕೆಲಸದ ದಿನ. ಅವರ ತಪ್ಪೂ ಇಲ್ಲ, ಇವನ ತಪ್ಪೂ ಇಲ್ಲ.

ಇಂಥ ಮೇಲ್‌ಗೆ ಮರುದಿನ ಹೋಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ದಯವಿಟ್ಟು ಕ್ಷಮಿಸಿ ಸಾರ್. ನಿನ್ನೆ ನೆಟ್‌ವರ್ಕ್ ಇರಲಿಲ್ಲ ಸಾರ್. ಈಗಷ್ಟೇ ನೋಡಿದೆ. ಇನ್ನು ಮುಂದೆ ಹೀಗಾಗುವುದಿಲ್ಲ." ಚಾಮರಾಜನಗರ ಸೀಮೆಯಲ್ಲಿ ದೊಡ್ಡವರ ಮುಂದೆ ಕೈಕಟ್ಟಿ ನಿಂತು "ಬುದ್ಧೀ" ಎಂದು ಕರೆಯುತ್ತಿದ್ದ ಕಾಲದ ನೆರಳು ಈ ಮೇಲ್‌ನ ಮೇಲೆ ಬಿದ್ದಿದೆ. ಆ ವಿನಯವನ್ನು ಹಾಸ್ಯ ಮಾಡುವ ಅಗತ್ಯವಿಲ್ಲ. ನೌಕರಿ ಉಳಿಯಬೇಕು, ಗುತ್ತಿಗೆ ಮುಂದುವರಿಯಬೇಕು, ಮನೆಯಲ್ಲಿ ಸಾಲದ ಕಂತಿದೆ. ಆದರೆ ಆ ನಾಲ್ಕು ವಾಕ್ಯಗಳಲ್ಲಿ ನಿಜವಾಗಿ ಅಪಾಯಕಾರಿಯಾದದ್ದು ಕೊನೆಯದು. ಹಬ್ಬದ ದಿನ, ಭಾನುವಾರ, ರಾತ್ರಿ ಹತ್ತೂವರೆಗೂ ತಾನು ಕೆಲಸದಲ್ಲೇ ಇರುತ್ತೇನೆ ಎಂದು ನೌಕರ ತಾನಾಗಿ ಬರೆದುಕೊಟ್ಟ ಮುಚ್ಚಳಿಕೆ ಅದು. ಯಾರೂ ಕೇಳಿರಲಿಲ್ಲ. ನೇಮಕಾತಿ ಪತ್ರದಲ್ಲೂ ಇರಲಿಲ್ಲ. ಇಂಥ ಹತ್ತು ಮೇಲ್ ಹೋದರೆ ಅದೇ ಕಚೇರಿಯ ರೂಢಿ. ಹನ್ನೊಂದನೆಯವನು ಕ್ಷಮೆ ಕೇಳದಿದ್ದರೆ ಅವನು ಒರಟ ಅನ್ನಿಸಿಕೊಳ್ಳುತ್ತಾನೆ.

ಹಾಗಾದರೆ ಮರ್ಯಾದೆಯ ಉತ್ತರ ಯಾವುದು? ಹಳೆಯ ಕಚೇರಿ ಪತ್ರಗಳನ್ನು ತೆಗೆದು ನೋಡಿದರೆ ದಾರಿ ಸಿಗುತ್ತದೆ. ಗುಮಾಸ್ತರು ಬರೆಯುತ್ತಿದ್ದುದು "ತಮ್ಮ ಇಂಥ ದಿನಾಂಕದ ಪತ್ರ ತಲುಪಿದೆ" ಎಂದು. ಪತ್ರ ಬಂತು, ಓದಿದ್ದೇವೆ, ವಿಷಯ ಇದು, ಮುಂದಿನ ಕ್ರಮ ಇದು, ಅಷ್ಟೆ. ಅದರಲ್ಲಿ ಗೌರವ ಇತ್ತು, ಗೋಗರೆತ ಇರಲಿಲ್ಲ. ಇವತ್ತಿನ ಮೇಲ್‌ಗೂ ಅದೇ ಸಾಕು: "ನಮಸ್ಕಾರ. ಶನಿವಾರ ರಾತ್ರಿ ತಾವು ಕಳಿಸಿದ ಮೇಲ್ ಇಂದು ಬೆಳಿಗ್ಗೆ ಕೆಲಸಕ್ಕೆ ಬಂದ ಮೇಲೆ ನೋಡಿದೆ. ತಾವು ಕೇಳಿದ ಪಟ್ಟಿ ಲಗತ್ತಿಸಿದ್ದೇನೆ. ಎರಡನೆಯ ವಿಷಯಕ್ಕೆ ಕಡತ ನೋಡಬೇಕಿದೆ, ಸಂಜೆ 4ರೊಳಗೆ ತಿಳಿಸುತ್ತೇನೆ." ಇದರಲ್ಲಿ ಯಾರಿಗೂ ಚುಚ್ಚು ಮಾತಿಲ್ಲ. "ನನ್ನ ಕೆಲಸದ ವೇಳೆ 10ರಿಂದ 6" ಎಂದು ಬಾಸಿಗೆ ಪಾಠ ಹೇಳಿಲ್ಲ. ಆದರೂ ಯಾವಾಗ ನೋಡಿದೆ, ಯಾಕೆ ಆಗ ನೋಡಿದೆ ಎಂಬುದು ತಣ್ಣಗೆ ಹೇಳಿಯಾಗಿದೆ. ಓದುವವರಿಗೆ ಬೇಕಾಗಿರುವುದೂ ಸಂಜೆ 4ರ ಆ ಮಾತೇ ಹೊರತು ಕ್ಷಮಾಪಣೆಯಲ್ಲ.

ಕ್ಷಮೆ ಕೇಳಬೇಕಾದ ಸಂದರ್ಭವೂ ಉಂಟು. ಬುಧವಾರ ಬೆಳಿಗ್ಗೆ 11ಕ್ಕೆ ಬಂದ ಮೇಲ್ ಶುಕ್ರವಾರದವರೆಗೆ ಮಲಗಿದ್ದರೆ ಅದು ತಪ್ಪು, ಒಮ್ಮೆ ನೇರವಾಗಿ ಒಪ್ಪಿಕೊಂಡು ಮುಂದೆ ಹೋಗಬೇಕು. ವೇಳೆ ಮೀರಿ ಬಂದದ್ದೇ ಆದರೂ, ನೋಡದೆ ಇದ್ದುದರಿಂದ ಯಾರದೋ ಅರ್ಜಿಯ ಕೊನೆಯ ದಿನ ದಾಟಿಹೋಗಿದ್ದರೆ, "ತಮಗಾದ ತೊಂದರೆಗೆ ವಿಷಾದವಿದೆ, ಈಗ ಇಷ್ಟು ಮಾಡಬಹುದು" ಎನ್ನುವುದು ಮನುಷ್ಯತ್ವ. ಅಲ್ಲಿ ವಿಷಾದ ಇನ್ನೊಬ್ಬರ ನಷ್ಟಕ್ಕೆ. ಮನೆಯಲ್ಲಿ ಉಣ್ಣುತ್ತಾ ಕುಳಿತಿದ್ದಕ್ಕಲ್ಲ.

ಇಷ್ಟಕ್ಕೂ ರಾತ್ರಿ ಮೇಲ್ ಕಳಿಸುವವರೆಲ್ಲ ರಾತ್ರಿಯೇ ಉತ್ತರ ಬಯಸುತ್ತಾರೆಯೇ? ಲಾರಾ ಗಿಯರ್ಜ್ ಮತ್ತು ವನೆಸ್ಸಾ ಬಾನ್ಸ್ ಎಂಬ ಸಂಶೋಧಕಿಯರು ಇದನ್ನೇ ಕೆದಕಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ಪ್ರಯೋಗಗಳು, 4,004 ಮಂದಿ. ತುರ್ತಲ್ಲದ ಮೇಲ್ ವೇಳೆ ಮೀರಿ ಬಂದಾಗ, ಪಡೆದವರು ಊಹಿಸಿಕೊಂಡ ಅವಸರ ಕಳಿಸಿದವರ ಮನಸ್ಸಿನಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. ಕಳಿಸುವವರು "ಅವಸರವಿಲ್ಲ, ಬಿಡುವಾದಾಗ ಉತ್ತರಿಸಿ" ಎಂದು ಒಂದು ಸಾಲು ಸೇರಿಸಿದರೆ ಆ ಅಂತರ ಕಡಿಮೆಯಾಗುತ್ತದೆ ಎಂಬುದೂ ಅದರಲ್ಲೇ ಕಂಡಿತು. ಬಾಸು ತಲೆಗೆ ಬಂದದ್ದನ್ನು ಮರೆಯುವ ಮುನ್ನ ಟೈಪಿಸಿ ಕಳಿಸಿ ನಿದ್ದೆ ಹೋಗಿರುತ್ತಾರೆ, ಇಲ್ಲಿ ಕೆಳಗಿನವರ ನಿದ್ದೆ ಹಾರಿರುತ್ತದೆ. ಜಿಮೇಲ್‌ನಲ್ಲಿ ಬರೆದದ್ದನ್ನು ಬೆಳಿಗ್ಗೆಯ ಹೊತ್ತಿಗೆ ತಾನಾಗಿ ಹೋಗುವಂತೆ ಇಡುವ ಸೌಲಭ್ಯ 2019ರ ಏಪ್ರಿಲ್‌ನಿಂದಲೇ ಇದೆ. ಅದನ್ನು ಬಳಸಲು ಖರ್ಚೇನೂ ಇಲ್ಲ.

ನಿಜವಾದ ತುರ್ತು ಏನೆಂದು ತಾಳವಾಡಿಗೆ ಯಾರೂ ಕಲಿಸಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಸೆರೆ ಹಿಡಿದ ಕರುಪ್ಪನ್ ಎಂಬ ಒಂಟಿ ಸಲಗ ಇಲ್ಲಿನ ರೈತರನ್ನು ಎಷ್ಟು ರಾತ್ರಿ ಎಬ್ಬಿಸಿತ್ತೆಂದು ಹೊಲ ಕಾಯುವವರಿಗೆ ಗೊತ್ತು. ಆನೆ ಬಂದರೆ ಯಾರೂ ಮೇಲ್ ಕಳಿಸುವುದಿಲ್ಲ, ಕೂಗುತ್ತಾರೆ, ಫೋನ್ ಮಾಡುತ್ತಾರೆ. ಹೆರಿಗೆ ನೋವಿಗೆ 108, ಬ್ಯಾಂಕ್ ಖಾತೆಗೆ ಕನ್ನ ಬಿದ್ದರೆ 1930. ಕಚೇರಿಯಲ್ಲೂ ಹಾಗೆಯೇ ಇರಬಹುದಲ್ಲ: ನಿಜಕ್ಕೂ ತುರ್ತಾದರೆ ಕರೆ, ಉಳಿದದ್ದಕ್ಕೆ ಮೇಲ್.

ಮೇಲ್‌ಗಿಂತ ಬಿಗಿಯಾದ ಕುಣಿಕೆ ಈಗ ವಾಟ್ಸ್‌ಆ್ಯಪ್ ಗುಂಪು. ತಮಿಳುನಾಡಿನ ಸರ್ಕಾರಿ ಶಾಲೆಗಳ ಶಿಕ್ಷಕರು 'ಎಮಿಸ್' ಎಂಬ ಗಣಕ ವ್ಯವಸ್ಥೆಗೆ ಮಾಹಿತಿ ತುಂಬುವ ಹೊರೆಯ ಬಗ್ಗೆ ಹಲವು ವರ್ಷ ದೂರಿಕೊಂಡಿದ್ದಾರೆ. ತಾಳವಾಡಿಯ ಕನ್ನಡ ಮಾಧ್ಯಮದ ಮೇಷ್ಟ್ರಿಗೆ ತಮಿಳು ಸುತ್ತೋಲೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಅದರ ಮೇಲೆ. ಗುಂಪಿನಲ್ಲಿ ನೀಲಿ ಗುರುತು ಬಿದ್ದರೆ ನೋಡಿದ್ದೀರಿ ಎಂದಾಯಿತು, ನೋಡಿಲ್ಲ ಎನ್ನುವ ಹಾಗೂ ಇಲ್ಲ.

ಹೊರಗಿನ ದೇಶಗಳು ಇದನ್ನು ಸೌಜನ್ಯಕ್ಕೆ ಬಿಡದೆ ನಿಯಮ ಮಾಡಿವೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 2011ರಲ್ಲೇ ಪಾಳಿ ಮುಗಿದ ಅರ್ಧ ಗಂಟೆಯ ನಂತರ ನೌಕರರ ಫೋನಿಗೆ ಮೇಲ್ ಹೋಗದಂತೆ ಸರ್ವರನ್ನೇ ತಡೆಯಲು ಒಪ್ಪಿತು. ಫ್ರಾನ್ಸಿನ ಕಾಯ್ದೆ 2017ರ ಜನವರಿ 1ರಿಂದ ಜಾರಿಯಾಯಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಸಣ್ಣ ಸಂಸ್ಥೆಗಳಿಗೆ ಅದರ ಮರುವರ್ಷದಿಂದ. ಆಸ್ಟ್ರೇಲಿಯಾದ ಕಾಯ್ದೆ ಮೇಲ್ ಕಳಿಸುವುದನ್ನು ನಿಷೇಧಿಸುವುದಿಲ್ಲ. ಉತ್ತರಿಸದೆ ಇರಬಹುದು, ಆದರೆ ಆ ನಿರಾಕರಣೆ ಅತಿರೇಕದ್ದಾಗಿರಬಾರದು ಎನ್ನುತ್ತದೆ. ಸಂಪರ್ಕಿಸಿದ ಕಾರಣ ಏನು, ಅದಕ್ಕೆ ಹೆಚ್ಚುವರಿ ಹಣ ಕೊಡುತ್ತಾರೋ ಇಲ್ಲವೋ, ನೌಕರನ ಹುದ್ದೆ ಎಂಥದ್ದು, ಮನೆಯ ಪರಿಸ್ಥಿತಿ ಏನು ಎಂಬುದನ್ನೆಲ್ಲ ನೋಡಬೇಕು. ಬುದ್ಧಿವಂತ ಅಜ್ಜಿ ಮಾಡುವ ನ್ಯಾಯದ ಹಾಗಿದೆ.

ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಬೇರೆ ದಿಕ್ಕಿಗೆ. 2023ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ತೆರೆಯುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಕಾರ್ಮಿಕ ಸಂಘಗಳು ಎದ್ದು ನಿಂತ ಮೇಲೆ ಮೇ 1ರಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂಪಡೆಯುವುದಾಗಿ ಘೋಷಿಸಿದರು. ಕರ್ನಾಟಕದಲ್ಲಿ 2024ರಲ್ಲಿ ಐಟಿ ನೌಕರರಿಗೆ 14 ಗಂಟೆಯ ದಿನ ಎಂಬ ಪ್ರಸ್ತಾಪ, 2025ರಲ್ಲಿ 9 ಗಂಟೆಯನ್ನು 10 ಮಾಡುವ ಪ್ರಸ್ತಾಪ ಸುದ್ದಿಯಾದವು. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ನಾರಾಯಣ ಮೂರ್ತಿ 2023ರಲ್ಲಿ ಹೇಳಿದ್ದು ಎಲ್ಲರಿಗೂ ನೆನಪಿದೆ. ಇವೆಲ್ಲ ಕಾಗದದ ಮೇಲಿನ ಗಂಟೆಗಳು, ವಿರೋಧಿಸಲು ಕಣ್ಣಿಗೆ ಕಾಣುತ್ತವೆ. ಊಟದ ಹೊತ್ತಿನಲ್ಲಿ ಮೇಲ್ ನೋಡುತ್ತಾ ಕಳೆದ ಮುಕ್ಕಾಲು ಗಂಟೆಗೆ ಯಾವ ಹಾಜರಿ ಪುಸ್ತಕವೂ ಇಲ್ಲ.

ಬೆಟ್ಟದ ಊರುಗಳಿಗೆ ಇಲ್ಲೊಂದು ವಿಚಿತ್ರ ಸಂಕಟವಿದೆ. "ನೆಟ್‌ವರ್ಕ್ ಇರಲಿಲ್ಲ" ಎಂಬುದು ಕಾಡಂಚಿನಲ್ಲಿ ಎಷ್ಟೋ ಸಲ ಸತ್ಯ. ಅದೇ ಮಾತು ಎಷ್ಟೋ ಸಲ ನೆಪವೂ ಹೌದು. 2020ರ ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದವರು ಸಿಗ್ನಲ್ ಹುಡುಕಿ ದಿಣ್ಣೆ ಏರುವುದು ಮಲೆಸೀಮೆಯ ಉದ್ದಕ್ಕೂ ಕಂಡ ನೋಟ. ಊರಿಗೆ ಟವರು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆಗೆ ಬೇಕು, ಪಡಿತರ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ಬೇಕು, ಮಕ್ಕಳ ಓದಿಗೆ ಬೇಕು. ಆದರೆ ಟವರು ನಿಂತ ದಿನ ಆ ನೆಪ ಹೋಗುತ್ತದೆ. ಅಷ್ಟು ದಿನ ಸುಳ್ಳಿನ ಮರೆಯಲ್ಲಿ ಸಿಗುತ್ತಿದ್ದ ಸಂಜೆಯನ್ನು ಆಮೇಲೆ ನಿಜ ಹೇಳಿಯೇ ಪಡೆಯಬೇಕು. ನೆಟ್‌ವರ್ಕ್ ಇತ್ತು, ಮೊಬೈಲೂ ಕೈಯಲ್ಲಿತ್ತು, ಆದರೆ ಕೆಲಸದ ಹೊತ್ತಾಗಿರಲಿಲ್ಲ ಎಂದು. ಅದನ್ನು ಮೊದಲ ಸಲ ಬರೆಯುವವರಿಗೆ ಕೈ ನಡುಗುತ್ತದೆ, ವಿಶೇಷವಾಗಿ ಗುತ್ತಿಗೆ ನೌಕರರಿಗೆ. ಅವರೊಬ್ಬರೇ ಬರೆದರೆ ಉದ್ಧಟತನವೆನಿಸುತ್ತದೆ. ಒಂದು ವಿಭಾಗದ ಎಲ್ಲರೂ ಕೂಡಿ, ಮೇಲಿನವರ ಜೊತೆ ಮಾತಾಡಿ, ವೇಳೆ ಮೀರಿದ ಮೇಲ್‌ಗೆ ಮರುದಿನ ಇಷ್ಟು ಗಂಟೆಯೊಳಗೆ ಉತ್ತರ ಎಂದು ಗೊತ್ತುಮಾಡಿಕೊಂಡರೆ ಅದೇ ಮಾತು ಮಾಮೂಲಾಗುತ್ತದೆ. ಇದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಆದರೆ ಕಚೇರಿಯ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯದೆ ಬರಹದಲ್ಲಿರಬೇಕು.

ಮುಂದಿನ ಗೊರೆಹಬ್ಬಕ್ಕೆ ಊರಿಗೆ ಬರುವವರು ಹೊರಡುವ ಮುನ್ನ ಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿ ಹೋಗುವ ಉತ್ತರವೊಂದನ್ನು ಇಟ್ಟು ಬರಬಹುದು. ಕಚೇರಿಯ ಭಾಷೆ ಯಾವುದೋ ಆ ಭಾಷೆಯಲ್ಲಿ, ಎರಡೇ ಸಾಲು: ಊರ ಹಬ್ಬಕ್ಕೆ ರಜೆಯಲ್ಲಿದ್ದೇನೆ, ಇಂಥ ದಿನ ಬೆಳಿಗ್ಗೆ ತಮ್ಮ ಮೇಲ್ ನೋಡಿ ಉತ್ತರಿಸುತ್ತೇನೆ, ತೀರಾ ತುರ್ತಿದ್ದರೆ ಇಂಥವರಿಗೆ ಫೋನ್ ಮಾಡಿ. ಆ "ಇಂಥವರು" ಯಾರೆಂದು ಮೊದಲೇ ಅವರನ್ನು ಕೇಳಿ ಒಪ್ಪಿಸಿರಬೇಕು. ಅವರ ಹಬ್ಬಕ್ಕೆ ಇವರು ಫೋನ್ ಹಿಡಿಯಬೇಕಾಗುತ್ತದೆ, ಪೊಂಗಲ್‌ಗೋ ರಾಜ್ಯೋತ್ಸವಕ್ಕೋ.